ಕೌದಿ ಹೊದ್ದ ರೇಡಿಯೋ

ನಮ್ಮ ವಿಜಾಪುರದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಗೈಬುಸಾಬ ಮಹಾ ಮುಂಗೋಪಿ. ಬಿಚ್ಚಿಟ್ಟ ಸೆಟ್ಟಿನ ಎದುರು ಯಾರಾದರೂ ಮಾತಾಡಿದರೆ ಅಂಗಡಿಯಿಂದಲೇ ಎಬ್ಬಿಸಿ ಕಳಿಸುತ್ತಿದ್ದ.

ಎಪ್ಪತ್ತಾರರ ಚಳಿಗಾಲದಲ್ಲಿ ನಿಡೋಣಿಯ ಗೌರಾಬಾಯಿ, ತೀರಿಹೋದ ಗಂಡನ ದೊಡ್ಡ ವಾಲ್ವ್ ರೇಡಿಯೋವನ್ನು ಬಸ್ಸಿನಲ್ಲಿ ಮೂರು ಸಲ ಹೊತ್ತು ತಂದಳು. ಮನೆಯಲ್ಲಿ ಅರ್ಧ ತಾಸಿಗೇ ಬಂದ್ ಆಗುತ್ತಿತ್ತಂತೆ. ಅಂಗಡಿಯಲ್ಲಿ ಮಾತ್ರ ದಿನವಿಡೀ ಹಾಡುತ್ತಿತ್ತು. ಕರೆಂಟು ಹರಿಯುವ ಭಾಗವನ್ನೆಲ್ಲ ಮೀಟರು ಹಿಡಿದು ನೋಡಿದರೂ ದೋಷ ಸಿಗಲಿಲ್ಲ. ಸೋಲೊಪ್ಪದ ಗೈಬುಸಾಬ ಕೊನೆಗೆ ತಾನೇ ನಿಡೋಣಿಗೆ ಹೋದ.

ಅಲ್ಲಿ ರೇಡಿಯೋಕ್ಕೆ ದಪ್ಪ ಕೌದಿ ಹೊದಿಸಿದ್ದರು. ಮುಂದಿನ ಗುಂಡಿಗಳಷ್ಟೇ ಕಾಣುತ್ತಿದ್ದವು. ಧೂಳಾದೀತೆಂದು ಕೌದಿಯನ್ನು ಆಕೆ ಅಂಗಡಿಗೆ ಎಂದೂ ತಂದಿರಲಿಲ್ಲ. ಒಳಗಿನ ವಾಲ್ವುಗಳ ಬಿಸಿ ಹೊರಹೋಗದೆ ಕಂಡೆನ್ಸರ್ ಎಂಬ ಬಿಡಿಭಾಗ ಕೈಕೊಡುತ್ತಿತ್ತು, ಆರಿದ ಮೇಲೆ ಸರಿಯಾಗುತ್ತಿತ್ತು.

“ಇದನ್ನ್ಯಾಕ ಹೊದಿಸೀರಿ?” ಎಂದು ಗದರಿದ.

“ಅವರ ಧೋತರದಾಗ ಹೊಲಿದ ಕೌದಿರಿ. ಅವರಿಗೆ ಥಂಡಿ ತಡಕೊಳ್ಳಾಕ ಆಗತಿರಲಿಲ್ಲ,” ಎಂದಳು ಗೌರಾಬಾಯಿ.

ಗೈಬುಸಾಬ ಕೌದಿಯ ಹಿಂಬದಿಯನ್ನು ಮೆಲ್ಲಗೆ ಮಡಚಿ ಮೇಲಿಟ್ಟ.

“ಹೊದಿಸ್ರಿ, ಬ್ಯಾಡ ಅನ್ನಂಗಿಲ್ಲ. ಬೆನ್ನಿನ ಕಡೆ ಅಷ್ಟ ತಗದಿಡ್ರಿ ಅಕ್ಕಾರ. ಅವರಿಗೂ ಗಾಳಿ ಬೇಕಲ್ರಿ.”