ಅನುಸೂಯಮ್ಮನ ಹಿಂದೆಯೇ ಬಂದದ್ದು

ಸಾಸಲು ಕಡೆಯ ಗುಡ್ಡದಂಚಿನ ಊರಲ್ಲಿ ಅನುಸೂಯಮ್ಮ ಹುಲ್ಲಿಗೆ ಹೋಗುತ್ತಿದ್ದುದು ಬೆಳಕು ಹರಿಯುವ ಮುಂಚೆ. ಮನೆಯಲ್ಲಿ ಎರಡು ಸೀಮೆಹಸು. ಹಾಲು ಕರೆಯುವ ಹೊತ್ತಿಗೆ ಅವುಗಳ ಮುಂದೆ ಹಸಿಹುಲ್ಲು ಬಿದ್ದಿರಬೇಕು. ಗಂಡ ತೀರಿಕೊಂಡ ವರ್ಷದಿಂದ ಒಬ್ಬಳೇ ಆ ಹಾದಿ ಹಿಡಿದವಳು, ಕತ್ತಲಿಗೆ ಎಂದೂ ಅಂಜಿದವಳಲ್ಲ.

ಆ ಚಳಿಗಾಲ ಬೆಂಗಳೂರಿನ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು ಊರಿಗೆ ಬಂದರು. ನಗರ ಹಬ್ಬುತ್ತ ಬಂದ ಹಾಗೆ ಕಾಡುಪ್ರಾಣಿಗಳು ಎಲ್ಲೆಲ್ಲಿ ಓಡಾಡುತ್ತವೆ ಎಂದು ತಿಳಿಯುವುದು ಅವರ ಕೆಲಸ. ಕರೆತಂದವನು ದೊಡ್ಡಬಳ್ಳಾಪುರದಲ್ಲಿ ಕೆರೆ ಉಳಿಸುವ ಸಂಘ ನಡೆಸುವ ನಂದೀಶ್. ಹುಲ್ಲಿನ ಹಾದಿಯ ನೀಲಗಿರಿ ತೋಪಿನಲ್ಲಿ ತಾನಾಗೇ ಚಿತ್ರ ತೆಗೆಯುವ ಕ್ಯಾಮೆರಾ ಕಟ್ಟಲು ಜಾಗ ತೋರಿಸಿದವಳು ಅನುಸೂಯಮ್ಮನೇ. ಮೊಲ, ಮುಳ್ಳುಹಂದಿ ಕಂಡಾವು ಎಂದುಕೊಂಡಿದ್ದಳು.

ಕೆಲವು ದಿನ ಕಳೆದು ರಮ್ಯ ಎಂಬ ವಿದ್ಯಾರ್ಥಿನಿ ಜಗಲಿಯ ಮೇಲೆ ಲ್ಯಾಪ್‌ಟಾಪ್ ತೆರೆದಳು. ಒಂದು ಚಿತ್ರದಲ್ಲಿ ಹುಲ್ಲಿನ ಹೊರೆ ಹೊತ್ತ ಅನುಸೂಯಮ್ಮನ ಬೆನ್ನು. ಮುಂದಿನದರಲ್ಲಿ ಅದೇ ಹಾದಿ, ತಲೆ ತಗ್ಗಿಸಿ ಬರುತ್ತಿದ್ದ ಚಿರತೆ. ನಡುವೆ ಕಾಲು ಗಂಟೆಯೂ ಇರಲಿಲ್ಲ.

ಅನುಸೂಯಮ್ಮ ಪರದೆಯ ಹತ್ತಿರ ಬಗ್ಗಿದಳು. ಅವತ್ತೊಂದೇ ದಿನವಾ ಎಂದು ಕೇಳಿದಳು. ಅಲ್ಲ, ಬೇರೆ ದಿನಗಳಲ್ಲೂ ಹಿಂದೆ ಬಂದಿದೆ ಎಂದಳು ರಮ್ಯ.

ನಂದೀಶ್ ದನಿ ತಗ್ಗಿಸಿದ. “ಅಕ್ಕಾ, ಫಾರೆಸ್ಟ್‌ನವ್ರು ಬರೋವರ್ಗೂ ಯಾರ್ಗೂ ಹೇಳ್ಬೇಡಿ. ಗೊತ್ತಾದ್ರೆ ಊರವ್ರು ಚಿರತೆಗೆ ಉರುಳು ಹಾಕ್ಬಿಡ್ತಾರೆ. ನೀವು ಮಾತ್ರ ಆ ಕಡೆ ಹೋಗ್ಬೇಡಿ.”

ಅನುಸೂಯಮ್ಮ ಆಗಲಿ ಎಂದು ತಲೆಯಾಡಿಸಿದಳು.

ಮಾರನೆಯ ಬೆಳಿಗ್ಗೆ ಬಾಗಿಲ ಚಿಲಕಕ್ಕೆ ಕೈ ಹೋಗಲಿಲ್ಲ. ಹಸುಗಳಿಗೆ ಒಣ ರಾಗಿಹುಲ್ಲು ಹಾಕಿದಳು. ಹಿತ್ತಲಲ್ಲಿ ತೆಂಗಿನ ಗರಿ ಬಿದ್ದರೂ ಬಾಗಿಲ ಸಂದಿಯಿಂದ ಇಣುಕುತ್ತಿದ್ದಳು. ಅಷ್ಟು ದಿನ ತನ್ನ ಬೆನ್ನು ನೋಡುತ್ತ ಬಂದದ್ದು ಯಾಕೆ ಸುಮ್ಮನಿತ್ತು ಎಂಬ ಪ್ರಶ್ನೆ ತಲೆ ಬಿಡಲಿಲ್ಲ. ಅದರ ಮಾರನೆಯ ದಿನ ಕಿಟಕಿಯಿಂದ ನೋಡಿದರೆ ಪಕ್ಕದ ಮನೆಯ ಪ್ರಮೋದಾ ಕುಡುಗೋಲು ಹಿಡಿದು ತೋಪಿನ ಕಡೆ ಹೊರಟಿದ್ದಳು. ಹಿಂದೆ ಅವಳ ಪುಟ್ಟ ಮಗಳು ಸಿಂಚನ.

ಅನುಸೂಯಮ್ಮ ಬರಿಗಾಲಲ್ಲೇ ಓಡಿದಳು. ತೋಪಿನ ಬಾಯಲ್ಲಿ ಮಗುವಿನ ರಟ್ಟೆ ಹಿಡಿದು, “ಹೋಗ್ಬೇಡ ಕಣೇ. ಚಿರತೆ ಐತೆ. ಫೋಟೊದಾಗೆ ನಾನೇ ನೋಡಿವ್ನಿ,” ಎಂದಳು.

ಪ್ರಮೋದಾ ಮಗಳನ್ನು ಸೊಂಟಕ್ಕೆತ್ತಿಕೊಂಡಳು. “ಯಾವಾಗ್ಲಿಂದ ಗೊತ್ತಿತ್ತಕ್ಕಾ?”

“ಮೊನ್ನೆಯಿಂದ. ನಂದೀಶ ಯಾರ್ಗೂ ಹೇಳ್ಬೇಡಿ ಅಂದಿದ್ದ,” ಎಂದಳು ಅನುಸೂಯಮ್ಮ.

ಮಧ್ಯಾಹ್ನದೊಳಗೆ ಊರಿಗೆಲ್ಲ ಸುದ್ದಿ ಹಬ್ಬಿತು. ಡೇರಿ ಮುಂದೆ ಸೇರಿದವರು ನಂದೀಶನನ್ನು ಬೈದರು; ಕೆಲವರು ತಂತಿ ಉರುಳಿನ ಮಾತೆತ್ತಿದರು. ಉರುಳಿಗೆ ನಿಮ್ಮ ಕರುವೂ ಬೀಳುತ್ತದೆ, ಗಾಯಗೊಂಡ ಚಿರತೆ ಊರೊಳಗೇ ನುಗ್ಗುತ್ತದೆ ಎಂದು ನಂದೀಶ್ ಗಂಟಲು ಹರಿದುಕೊಂಡ. ಕಂಡ ದಿನವೇ ಹೇಳಬೇಕಿತ್ತು, ನಮ್ಮದೇ ತಪ್ಪು ಎಂದು ರಮ್ಯ ಒಪ್ಪಿಕೊಂಡ ಮೇಲೆ ಗದ್ದಲ ಸ್ವಲ್ಪ ಇಳಿಯಿತು. ಸಂಜೆ ಅರಣ್ಯ ಇಲಾಖೆಯವರು ಬೋನಿಟ್ಟರು. ಚಿರತೆ ಅದಕ್ಕೆ ಬೀಳಲಿಲ್ಲ. ಉರುಳನ್ನೂ ಯಾರೂ ಹಾಕಲಿಲ್ಲ. ಕ್ಯಾಮೆರಾದಲ್ಲಿ ಚಿರತೆ ಕಂಡಾಗಲೆಲ್ಲ ವಿದ್ಯಾರ್ಥಿಗಳು ಈಗ ಮೊದಲು ಊರಿಗೆ ಫೋನ್ ಮಾಡುತ್ತಾರೆ.

ಹೆಂಗಸರು ಬಿಸಿಲೇರಿದ ಮೇಲೆ ಗುಂಪಾಗಿ ಹುಲ್ಲಿಗೆ ಹೋಗುತ್ತಾರೆ. ಅನುಸೂಯಮ್ಮನೂ ಹೋಗುತ್ತಾಳೆ. ಆದರೆ ಗುಂಪಿನ ಕೊನೆಯಲ್ಲಿ ನಡೆಯಲು ಮಾತ್ರ ಒಪ್ಪುವುದಿಲ್ಲ.