ಒಂಬತ್ತನೇ ಭಾಗದ ಕುದುರೆ

ನಿನ್ನೆ ಬೆಳಿಗ್ಗೆ ಪಕ್ಕದ ಮನೆಯಿಂದ ರೊಟ್ಟಿ ಸೀದ ವಾಸನೆ ಬಂತು. ಹೋಗಿ ನೋಡಿದರೆ, ಆ ಮನೆಗೆ ಹೊಸದಾಗಿ ಬಂದ ಸೊಸೆ ಶಾರದಾ ಒಲೆಯ ಮುಂದೆ ಕೂತು, ಸಕ್ಕರೆ ಕಟ್ಟಿ ತಂದ ಹಳೆಯ ಪತ್ರಿಕೆಯ ಹಾಳೆ ಓದುತ್ತಿದ್ದಳು. ಹಂಚಿನ ಮೇಲೆ ರೊಟ್ಟಿ ಕರ್ರಗಾಗಿತ್ತು.

"ಕಾಕಿ, ನಮ್ಮ ಅತ್ತಿ ಮುಂದ ಹೇಳಬ್ಯಾಡ್ರಿ" ಎಂದಳು.

ಓದುತ್ತ ರೊಟ್ಟಿ ಸುಡುವವರನ್ನು ಬೈಯುವ ಅಧಿಕಾರ ನನಗಿಲ್ಲ. ಇಂಥವಳಿಗೆ ಯಾವ ಪುಸ್ತಕ ಕೊಡಬೇಕೆಂದು ನನಗೆ ಚೆನ್ನಾಗಿ ಗೊತ್ತು. ಆದರೆ ಅವು ಇರುವ ಟ್ರಂಕನ್ನು ನಾನು ಒಂದು ವರ್ಷದಿಂದ ತೆರೆದಿರಲಿಲ್ಲ.

'ಕರಿಕೋಟೆಯ ಕುದುರೆ' ಎಂಬ ಆ ಕಾದಂಬರಿ ಮಾಲೆ ಒಂಬತ್ತು ಭಾಗಗಳದ್ದು. ಗಂಗಿ ಎಂಬ ಅಂಬಿಗರ ಹುಡುಗಿ, ಮಾಂತ್ರಿಕನೊಬ್ಬ ಹೊತ್ತೊಯ್ದ ತಮ್ಮನನ್ನು ಹುಡುಕಿ ಹೊರಡುತ್ತಾಳೆ. ಜೊತೆಗೆ ಒಂದು ಕುಂಟು ಕುದುರೆ. ಅದು ನೀರಿನೊಳಗೂ ಓಡುತ್ತದೆ, ಅಮಾವಾಸ್ಯೆಯ ದಿನ ಮಾತ್ರ ಮಾತಾಡುತ್ತದೆ. ನೀವು ಓದುವುದಾದರೆ ಮೊದಲ ಭಾಗದ ಕೋಟೆಯ ವರ್ಣನೆಯನ್ನು ಹಾರಿಸಿ. ನಮಗೆ ಆ ಕೋಟೆ ಮಳಖೇಡದ್ದೇ ಎಂದು ಖಾತ್ರಿಯಿತ್ತು, ಆದ್ದರಿಂದ ವರ್ಣನೆ ಬೇಕಾಗಲಿಲ್ಲ. ಐದನೇ ಭಾಗ ಓದುವಾಗ ಒಲೆಯ ಮೇಲೆ ಹಾಲು ಇಡಬೇಡಿ.

ನಾವು ಅದನ್ನು ಓದಿದ್ದು ನಾನು ಮದುವೆಯಾಗಿ ಶಹಾಬಾದಿಗೆ ಬಂದ ಕಾಲದಲ್ಲಿ. ನನ್ನ ಗಂಡನ ಅಣ್ಣ ವಾಡಿಯಲ್ಲಿ ರೈಲ್ವೆ ನೌಕರ. ಅಲ್ಲಿನ ಪ್ಲಾಟ್‌ಫಾರ್ಮಿನ ಅಂಗಡಿಯಿಂದ ಒಂದೊಂದೇ ಭಾಗ ತರುತ್ತಿದ್ದರು. ಅವರ ಹೆಂಡತಿ, ನನ್ನ ನೆಗೆಣ್ಣಿ ಶಿವಮ್ಮಕ್ಕನಿಗೆ ಓದು ಬರುತ್ತಿರಲಿಲ್ಲ, ಕಥೆಯ ಹುಚ್ಚು ಮಾತ್ರ ಬಹಳ. ಎಳ್ಳ ಅಮಾವಾಸ್ಯೆಗೆ ಮುಂಚೆ ಓಣಿಯ ಐದಾರು ಹೆಂಗಸರು ನಮ್ಮ ಮನೆಯಲ್ಲಿ ಸೇರಿ ಸಜ್ಜೆ ರೊಟ್ಟಿ ಬಡಿಯುವರು. ಓದುವವಳಿಗೆ ಬಡಿಯುವ ಕೆಲಸ ಮಾಫಿ.

"ನಿನ್ನ ರೊಟ್ಟಿ ದನಾನೂ ಮೂಸಂಗಿಲ್ಲ. ನೀ ಓದವ್ವಾ ತಾಯಿ" ಎಂದು ಶಿವಮ್ಮಕ್ಕ ನನ್ನನ್ನು ನೇಮಿಸಿದಳು. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಒತ್ತಕ್ಷರ ಬಂದಲ್ಲೆಲ್ಲ ಗಾಡಿ ನಿಲ್ಲುತ್ತಿತ್ತು.

ಒಂಬತ್ತನೇ ಭಾಗ ಬಂದ ವರ್ಷದ ಮಳೆಗಾಲದಲ್ಲಿ ಕಾಳಗಿಯಲ್ಲಿ ಶಿವಮ್ಮಕ್ಕನ ತಮ್ಮ ತೀರಿಕೊಂಡಿದ್ದ. ಅವಳು ಮೊದಲಿನಂತೆ ನಗುತ್ತಿರಲಿಲ್ಲ. ತಡವರಿಕೆ ಕಡಿಮೆಯಾಗಲೆಂದು ನಾನು ಹಿಂದಿನ ದಿನವೇ ಕೊನೆಯ ಪುಟ ನೋಡಿಕೊಂಡಿದ್ದೆ. ಗಂಗಿಗೆ ತಮ್ಮ ಸಿಗುತ್ತಾನೆ, ಆದರೆ ಕುದುರೆ ಸಾಯುತ್ತದೆ. ಮರುದಿನ ಓದುತ್ತ ಆ ಪುಟಕ್ಕೆ ಬಂದಾಗ ಶಿವಮ್ಮಕ್ಕನ ಕೈ ಹಿಟ್ಟಿನ ಮೇಲೆ ನಿಂತಿತ್ತು. ಆ ಮುಖ ನೋಡುತ್ತ ಕುದುರೆಯನ್ನು ಸಾಯಿಸಲು ನನ್ನಿಂದಾಗಲಿಲ್ಲ. ಅದು ದಂಡೆ ಹತ್ತಿ ಮೈಕೊಡವಿತು ಎಂದು ಓದಿದೆ. ಹೆಂಗಸರೆಲ್ಲ ಹೋ ಎಂದು ಕೂಗಿದರು. ಎರಡು ರೊಟ್ಟಿ ಸೀದವು. ಶಿವಮ್ಮಕ್ಕ ನಕ್ಕಳು.

ಅಂದಿನಿಂದ ಅವಳು ಕಂಡಕಂಡವರಿಗೆ ಆ ಮಾಲೆಯನ್ನು ಹೊಗಳತೊಡಗಿದಳು. ನನಗೆ ಒಳಗೊಳಗೇ ಹೆದರಿಕೆ. ಚಿತ್ತಾಪುರದ ಮಾಸ್ತರರ ಹೆಂಡತಿ ಒಂಬತ್ತನ್ನೂ ಒಯ್ದು, ಒಂದು ತಿಂಗಳಿಗೆ ತಿರುಗಿ ತಂದರು.

"ಏನ್ರಿ ಶಿವಮ್ಮಕ್ಕ, ಕುದುರಿ ಉಳೀತದ ಅಂದಿದ್ರಿ! ಸತ್ತದ. ನಮ್ಮ ಹುಡುಗರು ಅತ್ತು ಅತ್ತು ಉಂಡಿಲ್ಲ."

ಶಿವಮ್ಮಕ್ಕ ಮಿಸುಕಲಿಲ್ಲ. "ನಿಮ್ಮ ಮನ್ಯಾಗ ಸತ್ತಿರಬೇಕ್ರಿ. ನಮ್ಮ ಮನ್ಯಾಗ ಜೀವಂತ ಅದ. ಕುಂದ್ರಿ, ಚಾ ಕುಡೀರಿ."

ಅವರು ಹೋದ ಮೇಲೆ ನಾನು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದೆ.

"ಸುಮ್ಮನಿರು. ನನಗ ಅವತ್ತೇ ಗೊತ್ತಾಗಿತ್ತು" ಎಂದಳು. "ನೀ ಎಂದಾದ್ರೂ ಒಂದು ಸಾಲು ತಡವರಿಸದ ಓದಿದ್ದಿ ಏನು? ಅವತ್ತ ನೀರು ಹರಿದಂಗ ಓದಿದಿ. ಹಾಳಿ ಸೈತ ತಿರುವಲಿಲ್ಲ."

"ಮತ್ತ ಯಾಕ ಕೇಳಲಿಲ್ಲಕ್ಕ?"

"ಕುದುರಿ ಬದುಕಿತ್ತಲ್ಲ. ನಾ ಯಾಕ ಬಾಯಿ ತೆರೀಲಿ?"

ಆಮೇಲೆ ಶಿವಮ್ಮಕ್ಕ ಹೊಸ ಓದುಗರಿಗೆ ಷರತ್ತು ಹಾಕಿದಳು: "ಎಂಟು ಭಾಗ ಒಯ್ದು ಓದ್ರಿ. ಒಂಬತ್ತನೇದು ಇಲ್ಲೇ ಬಂದು ಕೇಳ್ರಿ." ಸೇಡಮಿನಿಂದ, ಚಿಂಚೋಳಿಯಿಂದ ಬೀಗರು ಮಕ್ಕಳನ್ನು ಕಟ್ಟಿಕೊಂಡು ಬಂದು ಕೇಳಿದರು. ನನ್ನ ಧೈರ್ಯ ಬೆಳೆಯಿತು. ಮೂರನೇ ವರ್ಷಕ್ಕೆ ನನ್ನ ಓದಿನಲ್ಲಿ ಕುದುರೆ ಮರಿ ಹಾಕಿತು. ಅಷ್ಟು ದಿನ ಅದು ಗಂಡು ಕುದುರೆಯಾಗಿತ್ತು ಎಂಬುದನ್ನು ನಾನು ಮರೆತೇಬಿಟ್ಟಿದ್ದೆ. ಶಿವಮ್ಮಕ್ಕ ಮುಖಕ್ಕೆ ಸೆರಗು ಒತ್ತಿಕೊಂಡು ನಗು ತಡೆದಳು.

ಶಿವಮ್ಮಕ್ಕ ತೀರಿಕೊಂಡು ವರ್ಷವಾಯಿತು.

ನಿನ್ನೆ ಶಾರದಾಳ ಮನೆಯಿಂದ ಬಂದು ಟ್ರಂಕು ತೆರೆದೆ. ಒಂಬತ್ತನೇ ಭಾಗದ ಕೊನೆಯನ್ನು, ಅಚ್ಚಾದ ಹಾಗೆಯೇ, ಮೊದಲ ಸಲ ಗಟ್ಟಿಯಾಗಿ ಓದಿದೆ. ಕುದುರೆ ಗಂಗಿಯನ್ನೂ ತಮ್ಮನನ್ನೂ ಹೊತ್ತು ಹೊಳೆ ದಾಟುತ್ತದೆ. ಅಂದು ಅಮಾವಾಸ್ಯೆಯಲ್ಲ, ಆದರೂ ಮಾತಾಡುತ್ತದೆ: ದಂಡೆ ಬಂತು, ಇಳಿ. ಅಷ್ಟೇ. ಬರೆದವನು ನನಗಿಂತ ಚೆನ್ನಾಗಿಯೇ ಬರೆದಿದ್ದಾನೆ. ಅಡುಗೆಮನೆಯಲ್ಲಿ ಒಬ್ಬಳೇ ಕೂತು ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ಹಸಿವಾಯಿತು.

ಸಂಜೆ ಪುಸ್ತಕಗಳನ್ನು ಶಾರದಾಳಿಗೆ ಒಯ್ದುಕೊಟ್ಟೆ. ರಟ್ಟಿನ ಮೇಲಿನ ಚಿತ್ರ ನೋಡಿ, "ಕಾಕಿ, ಕುದುರಿ ಉಳೀತದೋ ಇಲ್ಲೋ, ಅಷ್ಟ ಹೇಳ್ರಿ" ಎಂದಳು.

"ಉಳಿಯಂಗಿಲ್ಲ."

"ಅಯ್ಯ! ಹಂಗಾದ್ರ ನಾ ಯಾಕ ಓದಲಿ?"

"ಸಾಯೋತನಕ ಒಂಬತ್ತು ಪುಸ್ತಕ ಓಡ್ತದ ನೋಡವ್ವ ಅದು" ಎಂದೆ.