ಅಕ್ಕ ಕಳಿಸಿದ ಕಾವಲುಗಾರರು

ಕೂಟಗಲ್‌ನಿಂದ ನಮ್ಮ ಪುಟ್ಟಕ್ಕ ಚನ್ನಪಟ್ಟಣದ ನಮ್ಮ ಮನೆಗೆ ಬಂದರೆ ಮೊದಲು ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಹೊಟ್ಟೆಯ ಬಲಮಗ್ಗುಲಿಗೆ ಬಗ್ಗಿ, “ಹೆಂಗಿದ್ದೀಯವ್ವ? ಉಂಡ್ಯಾ?” ಎಂದು ಕೇಳುತ್ತಿದ್ದಳು. ಅಲ್ಲಿರುವುದು ಅವಳು ನನಗೆ ಕೊಟ್ಟ ಕಿಡ್ನಿ. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ನಮ್ಮ ಕಡೆಯ ರೂಢಿ. ಅಕ್ಕನಿಗೆ ಹೆಣ್ಣುಮಕ್ಕಳಿರಲಿಲ್ಲ, ಕಿಡ್ನಿಯನ್ನೇ ಮಗಳೆಂದುಕೊಂಡು ನನಗೆ ಅತ್ತೆಯಾಗಿಬಿಟ್ಟಳು. “ನಿನ್ ಸವತಿ ಕಣವ್ವ, ಹೊಟ್ಟೆ ಉರ್ಕೋಬ್ಯಾಡ” ಎಂದು ನನ್ನ ಹೆಂಡತಿಯನ್ನು ರೇಗಿಸುವಳು.

ಆಪರೇಷನ್ ಆದ ಮೇಲೆ ಡಾಕ್ಟರ್ ಒಂದು ಮಾತು ಹೇಳಿದ್ದರು. ಕಿಡ್ನಿಯೊಳಗೇ ಕಾಯಂ ಬೀಡುಬಿಟ್ಟಿರುವ ರೋಗನಿರೋಧಕ ಜೀವಕೋಶಗಳಿರುತ್ತವೆ, ಕಾವಲುಗಾರರ ಹಾಗೆ. ಕಸ ತೆಗೆಯುತ್ತವೆ, ಗಾಯ ಮಾಯಿಸುತ್ತವೆ. ಕಿಡ್ನಿಯ ಜೊತೆ ಅವೂ ನನ್ನೊಳಗೆ ಬಂದಿವೆ. ಅಕ್ಕನಿಗೆ ಅಷ್ಟೇ ಸಾಕಾಯಿತು.

“ನೋಡ್ಲಾ, ಮಗ್ಳ್ ಜೊತೆ ನಮ್ ಜನಾನೂ ಕಳ್ಸಿವ್ನಿ. ಅವ್ರು ಗಟ್ಟಿಯಾಗಿದ್ರೆ ತಾನೆ ಕಾಯಾದು?” ಎಂದವಳೇ ಅಮೃತಬಳ್ಳಿಯ ಕಷಾಯ ಕಾಯಿಸಿ ತರತೊಡಗಿದಳು. ಅತ್ತೆಯ ಎದುರು ನನಗೆಲ್ಲಿಯ ಬಾಯಿ? ಕುಡಿದೆ.

ಕೆಲವೇ ವಾರಗಳಲ್ಲಿ ಕಾಲು ಊದಿಕೊಂಡವು, ಮೂತ್ರ ಕಡಿಮೆಯಾಯಿತು. ಆಸ್ಪತ್ರೆಗೆ ಸೇರಿಸಿದರು. ಕಷಾಯದ ವಿಷಯ ಕೇಳಿ ಡಾಕ್ಟರ್ ತಲೆ ಚಚ್ಚಿಕೊಂಡರು.

“ಅಮ್ಮಾ, ಕಾವಲುಗಾರರನ್ನ ಕೆರಳಿಸಬಾರದು. ನಿಮ್ಮ ಕಡೆಯೋರೂ ಇವರ ಕಡೆಯೋರೂ ಜಗಳಕ್ಕೆ ನಿಂತರೆ ಕಿಡ್ನಿನೇ ಹೋಗುತ್ತೆ. ಅವರನ್ನ ತೆಪ್ಪಗಿಡೋಕೇ ನಾವು ಮಾತ್ರೆ ಕೊಡ್ತಿರೋದು.”

ಅಕ್ಕ ಬಿಳಿಚಿಕೊಂಡಳು. “ಇನ್ನೊಂದ್ ಕೊಡನಾ ಅಂದ್ರೆ ನನ್ತಾವ ಇರದು ಒಂದೇಯಲ್ಲ ಸಾ” ಎಂದಳು. ಆಮೇಲೆ ನನ್ನ ಹೊಟ್ಟೆಯ ಕಡೆ ತಿರುಗಿ, “ಏನ್ರಪ್ಪ, ಸೇರ್ಕಂಡ ಮನೇಲಿ ಹಿಂಗಾ ಗಲಾಟೆ ಮಾಡದು? ಕಷಾಯ ಕೊಟ್ಟೋಳು ನಾನು, ನನ್ನ ಬೈಕಳಿ. ಒಸಿ ಸುಮ್ಕಿರಿ” ಎಂದಳು. ನರ್ಸ್ ನಗು ತಡೆಯಲಾರದೆ ಆಚೆ ಹೋದಳು. ನನಗೆ ನಗು ಬರಲಿಲ್ಲ, ಹೊಟ್ಟೆಯ ಮೇಲಿಟ್ಟ ಕೈಯನ್ನು ಅಕ್ಕ ಸಂಜೆಯವರೆಗೂ ತೆಗೆಯಲಿಲ್ಲ.

ಔಷಧಿ ನಾಟಿತು, ಕಿಡ್ನಿ ಉಳಿಯಿತು. ತನ್ನ ಬೈಗುಳಕ್ಕೇ ಅವು ಹೆದರಿದ್ದೆಂದು ಅಕ್ಕ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಳು.

ಹೋದ ವರ್ಷ ಎದೆನೋವು ಬಂದು ತೀರಿಹೋದಳು. ಮೊನ್ನೆ ತಪಾಸಣೆಗೆ ಹೋದಾಗ, ಅಕ್ಕನ ಕಡೆಯವರು ಇನ್ನೂ ಒಳಗಿದ್ದಾರೆಯೇ ಎಂದು ಡಾಕ್ಟರನ್ನು ಕೇಳಿದೆ.

“ಬಹಳಷ್ಟು ಹೋಗಿರ್ತವೆ. ಅವುಗಳ ಜಾಗಕ್ಕೆ ನಿಮ್ಮವೇ ಬಂದು ನೆಲೆಸಿರ್ತವೆ. ಕಿಡ್ನಿ ಚೆನ್ನಾಗಿದೆ, ಯೋಚನೆ ಮಾಡಬೇಡಿ” ಎಂದರು.

ಸಂತೋಷಪಡಬೇಕಾದ ಸುದ್ದಿ. ಆದರೆ ಬಸ್ಸಿನಲ್ಲಿ ಕೂತವನಿಗೆ ಅಳು ಬಂತು. ಕಿಡ್ನಿಯೊಳಗೆ ಹೋದವರ ಜಾಗಕ್ಕೆ ಬೇರೆಯವರು ಬಂದಿದ್ದಾರೆ. ಅಕ್ಕನ ಜಾಗಕ್ಕೆ ಯಾರೂ ಬಂದಿಲ್ಲ.